ಬಾಡಿಗೆ ಎರಡೇ ತಿಂಗಳು, ತೆರಿಗೆ ಲೆಕ್ಕ ಮಾತ್ರ ಇಡೀ ವರ್ಷದ್ದು!

ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾ, ನಿಲಂಗಾ ಮತ್ತು ಉದ್ಗೀರ್ ಕಡೆ ಇಂದಿಗೂ ಕನ್ನಡ ಮಾತನಾಡುವ ಕುಟುಂಬಗಳಿವೆ. ನಿಲಂಗಾ, ಉದ್ಗೀರ್ ತಾಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ದುಡಿಮೆಗೆಂದು ಪುಣೆಗೋ ಹೈದರಾಬಾದ್‌ಗೋ ಗಲ್ಫ್‌ಗೋ ಹೋದವರಿಗೆ, ಊರಿನ ಮನೆ ಸುಮ್ಮನೆ ಬೀಗ ಹಾಕಿ ಬಿದ್ದಿರುವ ಬದಲು ಒಂದೆರಡು ತಿಂಗಳು ಬಾಡಿಗೆಗೆ ಕೊಟ್ಟರೇನು ಅನಿಸುವುದು ಸಹಜ. 2022ರ ಏಪ್ರಿಲ್‌ನಲ್ಲಿ ಉದ್ಗೀರ್‌ನಲ್ಲಿ ನಡೆದ 95ನೇ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದಂಥ ದೊಡ್ಡ ಕಾರ್ಯಕ್ರಮ ಬಂದರೆ ನಾಲ್ಕು ದಿನಕ್ಕೆ ಮನೆ ಬೇಕೆನ್ನುವವರೂ ಇರುತ್ತಾರೆ.

"ಸ್ವಲ್ಪ ದಿನ ತಾನೇ, ಇದಕ್ಕೆಂಥ ತೆರಿಗೆ?" ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ಅಲ್ಪಾವಧಿ ಬಾಡಿಗೆಗೆಂದು ಪ್ರತ್ಯೇಕ ವಿನಾಯಿತಿ ಇಲ್ಲ.

ಲೆಕ್ಕ ಹೇಗೆ?

ಸ್ವಂತ ವಾಸದ ಎರಡು ಮನೆಗಳವರೆಗೆ ವಾರ್ಷಿಕ ಮೌಲ್ಯ ಸೊನ್ನೆ. ಬೀಗ ಹಾಕಿಟ್ಟಿದ್ದರೂ ಈ ಸೌಲಭ್ಯ ಸಿಗುತ್ತದೆ. ಆದರೆ ವರ್ಷದ ಯಾವುದೇ ಭಾಗದಲ್ಲಿ ಇಡೀ ಮನೆಯನ್ನು ಬಾಡಿಗೆಗೆ ಕೊಟ್ಟರೆ ಆ ವರ್ಷಕ್ಕೆ ಈ ಸೌಲಭ್ಯ ಹೋಯಿತು. ಆಗ ಆ ಮನೆಗೆ ಇಡೀ ವರ್ಷಕ್ಕೆ ಬರಬಹುದಾದ ಬಾಡಿಗೆ ಮತ್ತು ನಿಜವಾಗಿ ಬಂದ ಬಾಡಿಗೆ, ಇವೆರಡರಲ್ಲಿ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಒಂದು ಉದಾಹರಣೆ ನೋಡಿ. ತಿಂಗಳಿಗೆ 8,000 ರೂ. ಬಾಡಿಗೆ ಬರಬಹುದಾದ ಮನೆಯನ್ನು ಎರಡು ತಿಂಗಳಿಗೆ ತಲಾ 10,000 ರೂ.ನಂತೆ ಕೊಟ್ಟಿರಿ ಎನ್ನೋಣ. ಕೈಗೆ ಬಂದದ್ದು 20,000 ರೂ. ಲೆಕ್ಕಕ್ಕೆ ಬರುವುದು 96,000 ರೂ. ಅದರಲ್ಲಿ ನೀವು ನಗರ ಪರಿಷತ್ತಿಗೆ ಕಟ್ಟಿದ ಮನೆ ತೆರಿಗೆ 3,000 ರೂ. ಕಳೆದರೆ 93,000. ಉಳಿದದ್ದರಲ್ಲಿ ಶೇ.30, ಅಂದರೆ 27,900 ರೂ. ಕಡಿತ ಸಿಗುತ್ತದೆ. ಕೊನೆಗೆ 65,100 ರೂ. ನಿಮ್ಮ ಆದಾಯಕ್ಕೆ ಸೇರುತ್ತದೆ. ಗೃಹಸಾಲವಿದ್ದರೆ ಅದರ ಬಡ್ಡಿಯನ್ನೂ ಕಳೆಯಬಹುದು.

ಇಡೀ ಮನೆಯ ಬದಲು ಒಂದು ಭಾಗವನ್ನಷ್ಟೇ ಬಾಡಿಗೆಗೆ ಕೊಟ್ಟರೆ ಆ ಭಾಗದ ಲೆಕ್ಕ ಬೇರೆ. ನೀವು ವಾಸವಿರುವ ಭಾಗಕ್ಕೆ ಸೌಲಭ್ಯ ಹಾಗೇ ಉಳಿಯುತ್ತದೆ.

ಗಲ್ಫ್‌ನಲ್ಲಿರುವವರು ಗಮನಿಸಿ

ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷ ರೂ.ವರೆಗಿನ ಆದಾಯಕ್ಕೆ ತೆರಿಗೆ ಬರುವುದಿಲ್ಲ, ನಿಜ. ಆದರೆ ಈ ರಿಯಾಯಿತಿ ದೇಶದ ನಿವಾಸಿಗಳಿಗೆ ಮಾತ್ರ, ಎನ್‌ಆರ್‌ಐಗಳಿಗೆ ಇಲ್ಲ. ಅವರಿಗೆ 4 ಲಕ್ಷ ರೂ. ದಾಟಿದ ಕೂಡಲೇ ತೆರಿಗೆ ಶುರು. ಜೊತೆಗೆ ಎನ್‌ಆರ್‌ಐ ಮಾಲೀಕರಿಗೆ ಬಾಡಿಗೆ ಕೊಡುವಾಗ ಬಾಡಿಗೆದಾರನೇ ಶೇ.30 ಮತ್ತು ಸೆಸ್ ಸೇರಿಸಿ ಟಿಡಿಎಸ್ ಮುರಿದು ಕಟ್ಟಬೇಕು. ಬಾಡಿಗೆ ಎಷ್ಟೇ ಸಣ್ಣದಿರಲಿ, ವಿನಾಯಿತಿ ಇಲ್ಲ. ಹೆಚ್ಚು ಮುರಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಮಾಲೀಕ ನಿವಾಸಿಯಾಗಿದ್ದರೆ, ಸಾಮಾನ್ಯ ಬಾಡಿಗೆದಾರ ತಿಂಗಳಿಗೆ 50,000 ರೂ. ಮೀರಿದಾಗ ಮಾತ್ರ ಶೇ.2 ಮುರಿದರೆ ಸಾಕು.

ಕರಾರು ಮರೆಯಬೇಡಿ

ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಪ್ರಕಾರ ಬಾಡಿಗೆ ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಬೇಕು. ಅದರ ಹೊಣೆ ಮಾಲೀಕರದ್ದು. ತಪ್ಪಿದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. ಕರಾರು ನೋಂದಣಿ ಆಗಿಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಸರಿ ಎಂದಾಗುತ್ತದೆ. ಅಲ್ಲವೆಂದು ಸಾಬೀತುಪಡಿಸುವ ಕೆಲಸ ಮಾಲೀಕರ ತಲೆಗೆ ಬರುತ್ತದೆ. ಪತ್ರ ಮರಾಠಿಯಲ್ಲಿದ್ದರೆ ಗೊತ್ತಿರುವವರಿಂದ ಪೂರ್ತಿ ಓದಿಸಿಕೊಂಡೇ ಸಹಿ ಹಾಕಿ.

ದಿನದ ಲೆಕ್ಕದಲ್ಲಿ ಅತಿಥಿಗಳಿಗೆ ಕೊಟ್ಟರೆ ಅದು ಲಾಡ್ಜ್‌ನಂತೆ ಜಿಎಸ್‌ಟಿ ವ್ಯಾಪ್ತಿಗೆ ಬರುತ್ತದೆ. ವರ್ಷದ ವಹಿವಾಟು 20 ಲಕ್ಷ ರೂ. ದಾಟದಿದ್ದರೆ ನೋಂದಣಿ ಬೇಡ. ಆನ್‌ಲೈನ್ ಬುಕಿಂಗ್ ಆ್ಯಪ್ ಮೂಲಕ ಕೊಟ್ಟರೆ ಇಂಥ ಸಣ್ಣ ಮಾಲೀಕರ ಪರವಾಗಿ ಆ ಕಂಪೆನಿಯೇ ಜಿಎಸ್‌ಟಿ ಕಟ್ಟಬೇಕು.

ಹಾಗಾಗಿ ಕೀಲಿ ಕೊಡುವ ಮುಂಚೆ ಒಮ್ಮೆ ಲೆಕ್ಕ ಹಾಕಿ ನೋಡಿ. ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಪಡೆಯಿರಿ, ಮನೆ ತೆರಿಗೆ ರಸೀದಿಗಳನ್ನು ಜೋಪಾನವಾಗಿಡಿ.