ಗ್ಲುಟೆನ್-ರಹಿತ ಆಹಾರ ಮತ್ತು ಚರ್ಮದ ಪ್ರತಿಕ್ರಿಯೆಗಳು

ಗ್ಲುಟೆನ್ ಎಂಬುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನುಗಳ ಸಮೂಹ. ಗೋಧಿ ಹಿಟ್ಟನ್ನು ನಾದಿದಾಗ ಅದಕ್ಕೆ ಬರುವ ಅಂಟುತನಕ್ಕೂ ಹಿಗ್ಗುವ ಗುಣಕ್ಕೂ ಇದೇ ಕಾರಣ. ಈ ಪ್ರೋಟೀನುಗಳನ್ನು ಸಂಪೂರ್ಣವಾಗಿ ವರ್ಜಿಸಿದ ಆಹಾರಕ್ರಮವನ್ನು ಗ್ಲುಟೆನ್-ರಹಿತ ಆಹಾರವೆನ್ನುತ್ತಾರೆ. ಈ ಪಥ್ಯವನ್ನು ಕೈಗೊಂಡ ಕೆಲವರಲ್ಲಿ ತುರಿಕೆ, ಗುಳ್ಳೆ, ಪಿತ್ತಗಂಧೆ ಮೊದಲಾದ ಚರ್ಮದ ತೊಂದರೆಗಳು ಮುಂದುವರಿಯುತ್ತವೆ ಅಥವಾ ಹೊಸದಾಗಿ ಕಾಣಿಸಿಕೊಳ್ಳುತ್ತವೆ. ಜನಸಾಮಾನ್ಯರು ಇವೆಲ್ಲವನ್ನೂ 'ಅಲರ್ಜಿ' ಎಂಬ ಒಂದೇ ಮಾತಿನಿಂದ ಕರೆಯುವುದು ವಾಡಿಕೆ. ವಾಸ್ತವವಾಗಿ ಇವುಗಳ ಹಿಂದೆ ಪರಸ್ಪರ ಸಂಬಂಧವಿಲ್ಲದ ಹಲವು ಕಾರಣಗಳಿರುತ್ತವೆ. ಒಂದು ಕಾರಣಕ್ಕೆ ಹೇಳಿದ ಪಥ್ಯವು ಇನ್ನೊಂದಕ್ಕೆ ಸಾಲದಿರಬಹುದು, ಕೆಲವೊಮ್ಮೆ ಅಪಾಯಕಾರಿಯೂ ಆಗಬಹುದು.

ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್

ಗ್ಲುಟೆನ್‌ಗೂ ಚರ್ಮಕ್ಕೂ ಇರುವ ಸಂಬಂಧವು ಅತ್ಯಂತ ಖಚಿತವಾಗಿ ಸಿದ್ಧಪಟ್ಟಿರುವುದು ಈ ಕಾಯಿಲೆಯಲ್ಲಿ. ಮೊಣಕೈ, ಮೊಣಕಾಲು, ಪೃಷ್ಠ, ಬೆನ್ನು ಮತ್ತು ನೆತ್ತಿಯ ಮೇಲೆ, ದೇಹದ ಎಡಬಲಗಳೆರಡರಲ್ಲೂ ಸಮಾನವಾಗಿ, ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಏಳುತ್ತವೆ. ತುರಿಕೆ ಎಷ್ಟು ತೀವ್ರವೆಂದರೆ ವೈದ್ಯರ ಬಳಿಗೆ ಹೋಗುವ ವೇಳೆಗೆ ರೋಗಿಯು ಗುಳ್ಳೆಗಳನ್ನೆಲ್ಲ ಕೆರೆದು ಒಡೆದಿರುತ್ತಾನೆ. ಅಲ್ಲಿ ಉಳಿದಿರುವುದು ಕೆರೆದ ಗಾಯ ಮಾತ್ರ. ಇದರಿಂದಾಗಿ ಇದನ್ನು ಕಜ್ಜಿ ಅಥವಾ ಇಸಬು ಎಂದು ತಪ್ಪಾಗಿ ಭಾವಿಸಿ ವರ್ಷಗಟ್ಟಲೆ ಮುಲಾಮು ಹಚ್ಚುವುದುಂಟು. ಹೆಸರಿನಲ್ಲಿ ಹರ್ಪಿಸ್ ಎಂಬ ಪದದ ಛಾಯೆಯಿದ್ದರೂ ಆ ವೈರಾಣುವಿಗೂ ಇದಕ್ಕೂ ಸಂಬಂಧವಿಲ್ಲ. ಗುಳ್ಳೆಗಳು ಗುಂಪಾಗಿ ಏಳುವ ಹೋಲಿಕೆಯಿಂದಷ್ಟೇ ಆ ಹೆಸರು ಬಂದಿದೆ. ಇದು ಅಂಟುರೋಗವಲ್ಲ.

ಇದು ಅಲರ್ಜಿಯೂ ಅಲ್ಲ. ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್‌ನ ಪ್ರಚೋದನೆಯಿಂದ ದೇಹದ ರೋಗನಿರೋಧಕ ವ್ಯವಸ್ಥೆಯು ಸಣ್ಣ ಕರುಳಿನ ಒಳಪದರದ ಮೇಲೆಯೇ ದಾಳಿಮಾಡುತ್ತದೆ. ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಅದೇ ಕಾಯಿಲೆಯ ಚರ್ಮದ ರೂಪ. ಚರ್ಮದಲ್ಲಿರುವ ಟ್ರಾನ್ಸ್‌ಗ್ಲುಟಾಮಿನೇಸ್-3 ಎಂಬ ಕಿಣ್ವದ ವಿರುದ್ಧ ಐಜಿಎ ವರ್ಗದ ಪ್ರತಿಕಾಯಗಳು ಉತ್ಪತ್ತಿಯಾಗಿ, ಮೇಲ್ಚರ್ಮದ ತಳಭಾಗದಲ್ಲಿ ಕಣಕಣವಾಗಿ ಶೇಖರಗೊಳ್ಳುತ್ತವೆ. ಇಂತಹ ರೋಗಿಗಳಲ್ಲಿ ಹಲವರಿಗೆ ಹೊಟ್ಟೆಯ ತೊಂದರೆ ಇರುವುದೇ ಇಲ್ಲ. ಆದರೂ ಕರುಳನ್ನು ಪರೀಕ್ಷಿಸಿದಾಗ ಬಹುತೇಕರಲ್ಲಿ ಹಾನಿಯ ಗುರುತುಗಳು ಕಂಡುಬರುತ್ತವೆ. ಫಿನ್ಲೆಂಡ್ ದೇಶದಲ್ಲಿ ಈ ಕಾಯಿಲೆಯ ಪ್ರಮಾಣ ಹೆಚ್ಚು. ಅಲ್ಲಿ ಒಂದು ಲಕ್ಷ ಜನರಲ್ಲಿ ಸುಮಾರು 75 ಮಂದಿಗೆ ಇದೆಯೆಂದು ದಾಖಲಾಗಿದೆ.

ಇತಿಹಾಸ

ಫಿಲಡೆಲ್ಫಿಯದ ಚರ್ಮರೋಗ ತಜ್ಞ ಲೂಯಿ ಡ್ಯೂರಿಂಗ್ 1884ರಲ್ಲಿ ಈ ಕಾಯಿಲೆಯನ್ನು ವಿವರಿಸಿದನು. ನಾಲ್ಕು ವರ್ಷಗಳ ನಂತರ, 1888ರಲ್ಲಿ, ಲಂಡನ್ನಿನ ಸ್ಯಾಮ್ಯುಯೆಲ್ ಗೀ ಸೀಲಿಯಾಕ್ ಕಾಯಿಲೆಯನ್ನು ಕುರಿತು ಬರೆದನು. ಒಂದು ಚರ್ಮದ ವೈದ್ಯರ ಪಾಲಾಯಿತು, ಇನ್ನೊಂದು ಮಕ್ಕಳ ವೈದ್ಯರ ಪಾಲಾಯಿತು; ಎರಡೂ ಒಂದೇ ಮೂಲದವು ಎಂದು ತಿಳಿಯಲು ಸುಮಾರು ಎಂಬತ್ತು ವರ್ಷಗಳು ಬೇಕಾದವು. ಗೋಧಿಯೇ ಸೀಲಿಯಾಕ್ ಕಾಯಿಲೆಗೆ ಪ್ರಚೋದಕವೆಂಬುದನ್ನು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ ತೋರಿಸಿಕೊಟ್ಟನು. 1944–45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ಡು ದುರ್ಲಭವಾಗಿದ್ದ ಕಾಲದ ಅನುಭವವು ಅವನಿಗೆ ಮೊದಲೇ ಇದ್ದ ಸಂಶಯವನ್ನು ಬಲಪಡಿಸಿತು. 1950ರಲ್ಲಿ ಅವನ ಪ್ರಬಂಧ ಹೊರಬಂದಿತು. 1966ರಲ್ಲಿ ಇಂಗ್ಲೆಂಡಿನ ಜಾನೆಟ್ ಮಾರ್ಕ್ಸ್ ಮತ್ತು ಸಂಗಡಿಗರು ಡ್ಯೂರಿಂಗ್ ವಿವರಿಸಿದ ಕಾಯಿಲೆಯ ರೋಗಿಗಳ ಕರುಳಿನಲ್ಲಿ ಸೀಲಿಯಾಕ್‌ನಂತಹ ಬದಲಾವಣೆಗಳನ್ನು ಕಂಡರು. 1969ರಲ್ಲಿ ಚರ್ಮದಲ್ಲಿನ ಐಜಿಎ ಕಣಗಳ ಪತ್ತೆಯಾಯಿತು. ಗ್ಲುಟೆನ್ ಬಿಟ್ಟರೆ ಗುಳ್ಳೆಗಳು ಮಾಯುತ್ತವೆಂದು ಲಯೊನೆಲ್ ಫ್ರೈ ಮತ್ತು ಸಹೋದ್ಯೋಗಿಗಳು 1973ರಲ್ಲಿ ವರದಿ ಮಾಡಿದರು.

ರೋಗನಿರ್ಣಯ

ಗುಳ್ಳೆಯ ಪಕ್ಕದಲ್ಲಿರುವ, ನೋಡಲು ಆರೋಗ್ಯವಾಗಿರುವ ಚರ್ಮದ ತುಣುಕನ್ನು ತೆಗೆದು ಐಜಿಎ ಕಣಗಳಿಗಾಗಿ ಪರೀಕ್ಷಿಸುವುದೇ ಮುಖ್ಯ ವಿಧಾನ. ಗುಳ್ಳೆಯಿಂದಲೇ ತುಣುಕನ್ನು ತೆಗೆದರೆ ಉರಿಯೂತದಲ್ಲಿ ಕಣಗಳು ನಾಶವಾಗಿದ್ದು ಫಲಿತಾಂಶ ತಪ್ಪಾಗಬಹುದು. ಇದರೊಂದಿಗೆ ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆಯನ್ನೂ ಮಾಡಲಾಗುತ್ತದೆ.

ಪರೀಕ್ಷೆಗೆ ಮುನ್ನ ಗ್ಲುಟೆನ್ ಬಿಡಬಾರದು ಎಂಬುದು ಇಲ್ಲಿ ಅತಿಮುಖ್ಯವಾದ ಎಚ್ಚರಿಕೆ. ತುರಿಕೆ ಬಂದೊಡನೆ ಯಾರದೋ ಸಲಹೆಯಂತೆ ಚಪಾತಿ ಬಿಟ್ಟು, ಕೆಲವು ತಿಂಗಳುಗಳ ನಂತರ ಪರೀಕ್ಷೆಗೆ ಹೋಗುವವರು ಅನೇಕರಿದ್ದಾರೆ. ಅಷ್ಟರಲ್ಲಿ ರಕ್ತದ ಪ್ರತಿಕಾಯಗಳು ಇಳಿದಿರುತ್ತವೆ, ಕರುಳು ಚೇತರಿಸಿಕೊಳ್ಳುತ್ತಿರುತ್ತದೆ. ಪರೀಕ್ಷೆಯು 'ಕಾಯಿಲೆ ಇಲ್ಲ' ಎನ್ನುತ್ತದೆ. ರೋಗಿಯು ಮತ್ತೆ ಗೋಧಿ ತಿನ್ನತೊಡಗುತ್ತಾನೆ. ಚರ್ಮದಲ್ಲಿನ ಕಣಗಳು ಮಾತ್ರ ನಿಧಾನವಾಗಿ ಕರಗುವುದರಿಂದ ಈ ಕಾಯಿಲೆಯಲ್ಲಿ ತಡವಾದರೂ ಒಂದಿಷ್ಟು ಅವಕಾಶ ಉಳಿದಿರುತ್ತದೆ. ಉಳಿದ ಸೀಲಿಯಾಕ್ ರೋಗಿಗಳು ವೈದ್ಯರ ಮೇಲ್ವಿಚಾರಣೆಯಲ್ಲಿ ಹಲವು ವಾರ ಪುನಃ ಗೋಧಿ ತಿಂದು ಪರೀಕ್ಷೆಗೆ ಒಳಗಾಗಬೇಕಾಗುತ್ತದೆ.

ಚಿಕಿತ್ಸೆ

ಜೀವನಪರ್ಯಂತ ಗ್ಲುಟೆನ್ ವರ್ಜನೆಯೇ ಮೂಲ ಚಿಕಿತ್ಸೆ. ಆದರೆ ಪಥ್ಯದ ಫಲ ಚರ್ಮದಲ್ಲಿ ಕಾಣಿಸಿಕೊಳ್ಳಲು ತಿಂಗಳುಗಳು, ಕೆಲವರಲ್ಲಿ ವರ್ಷಗಳೇ ಬೇಕಾಗುತ್ತವೆ. ಪಥ್ಯ ಹಿಡಿದು ಎರಡು ತಿಂಗಳಾದರೂ ಗುಳ್ಳೆ ಏಳುತ್ತಿದೆ ಎಂದ ಮಾತ್ರಕ್ಕೆ ಪಥ್ಯ ವ್ಯರ್ಥವೆಂದೋ ಹೊಸ ಅಲರ್ಜಿ ಬಂದಿದೆಯೆಂದೋ ತೀರ್ಮಾನಿಸಲಾಗದು. ಈ ಅವಧಿಯ ಉಪಶಮನಕ್ಕಾಗಿ ಡ್ಯಾಪ್ಸೋನ್ ಮಾತ್ರೆ ಕೊಡುತ್ತಾರೆ. ಕೆಲವೇ ದಿನಗಳಲ್ಲಿ ತುರಿಕೆ ತಗ್ಗುತ್ತದೆ. ಇದು ಕುಷ್ಠರೋಗದ ಔಷಧವೆಂದು ಭಾರತದಲ್ಲಿ ಪ್ರಸಿದ್ಧವಾದುದರಿಂದ ಚೀಟಿಯಲ್ಲಿ ಆ ಹೆಸರನ್ನು ಕಂಡು ಗಾಬರಿಪಡುವವರಿದ್ದಾರೆ, ಅದಕ್ಕೆ ಕಾರಣವಿಲ್ಲ. ಗಮನಿಸಬೇಕಾದ ಅಂಶ ಬೇರೆಯೇ ಇದೆ. ಡ್ಯಾಪ್ಸೋನ್ ಚರ್ಮವನ್ನು ಶಾಂತಗೊಳಿಸುತ್ತದೆಯೇ ಹೊರತು ಕರುಳನ್ನು ಗುಣಪಡಿಸುವುದಿಲ್ಲ. ಮಾತ್ರೆಯನ್ನೇ ನಂಬಿ ಗೋಧಿ ತಿನ್ನುತ್ತಿದ್ದರೆ ಒಳಗಿನ ಹಾನಿ ಸದ್ದಿಲ್ಲದೆ ಮುಂದುವರಿಯುತ್ತದೆ. ಈ ಔಷಧವು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದಾದ್ದರಿಂದ ಜಿ6ಪಿಡಿ ಕಿಣ್ವದ ಕೊರತೆ ಇದೆಯೇ ಎಂದು ಮೊದಲೇ ಪರೀಕ್ಷಿಸುವುದು ಅಗತ್ಯ. ಅಯೋಡೀನ್ ಅಧಿಕವಾದರೆ ಕೆಲವರಲ್ಲಿ ಗುಳ್ಳೆಗಳು ಉಲ್ಬಣಿಸುತ್ತವೆ. ಹಾಗೆಂದು ವೈದ್ಯರನ್ನು ಕೇಳದೆ ಅಯೋಡೀನ್‌ಯುಕ್ತ ಉಪ್ಪನ್ನು ತ್ಯಜಿಸುವುದು ಉಚಿತವಲ್ಲ.

ಗೋಧಿಯ ಅಲರ್ಜಿ

ನಿಜವಾದ ಗೋಧಿ ಅಲರ್ಜಿಯಲ್ಲಿ ಐಜಿಇ ವರ್ಗದ ಪ್ರತಿಕಾಯಗಳು ಕೆಲಸಮಾಡುತ್ತವೆ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳೊಳಗೆ ಪಿತ್ತಗಂಧೆ, ತುಟಿ ಮತ್ತು ಕಣ್ಣುರೆಪ್ಪೆಗಳ ಊತ, ವಾಂತಿ ಕಾಣಿಸಿಕೊಳ್ಳಬಹುದು. ಉಸಿರಾಟಕ್ಕೆ ತೊಂದರೆಯಾಗಿ ರಕ್ತದೊತ್ತಡ ಕುಸಿದರೆ ಪ್ರಾಣಾಪಾಯ. ಕೆಲವರಲ್ಲಿ ಗೋಧಿ ತಿಂದಾಗ ಏನೂ ಆಗುವುದಿಲ್ಲ, ತಿಂದು ಓಟ ಅಥವಾ ವ್ಯಾಯಾಮ ಮಾಡಿದಾಗ ಮಾತ್ರ ಪ್ರತಿಕ್ರಿಯೆ ಉಂಟಾಗುತ್ತದೆ. ಜಪಾನಿನಲ್ಲಿ ವಿಘಟಿತ ಗೋಧಿ ಪ್ರೋಟೀನ್ ಸೇರಿಸಿದ್ದ ಮುಖದ ಸಾಬೂನೊಂದನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿಯ ಅಲರ್ಜಿ ಬಂದುದು ಈ ಶತಮಾನದ ಮೊದಲ ದಶಕದ ಘಟನೆ. ಅದುವರೆಗೆ ನಿರಾತಂಕವಾಗಿ ಗೋಧಿ ತಿನ್ನುತ್ತಿದ್ದವರ ದೇಹವು ಚರ್ಮದ ಮೂಲಕ ಗೋಧಿಯನ್ನು ಶತ್ರುವೆಂದು ಗುರುತಿಸಿತ್ತು.

'ಗ್ಲುಟೆನ್-ರಹಿತ' ಎಂಬ ಮುದ್ರೆಯನ್ನು ನಂಬಿ ಗೋಧಿ ಅಲರ್ಜಿಯುಳ್ಳವರು ಮೋಸಹೋಗುವುದು ಸಾಧ್ಯ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಂತೆ, ಭಾರತದ ನಿಯಮದಂತೆಯೂ, ಒಂದು ಕಿಲೋಗ್ರಾಂ ಆಹಾರದಲ್ಲಿ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇದ್ದರೆ ಆ ಮುದ್ರೆ ಹಾಕಬಹುದು. ಯೂರೋಪಿನ ಕೆಲವು ತಿನಿಸುಗಳಲ್ಲಿ ಗ್ಲುಟೆನ್ ತೆಗೆದ ಗೋಧಿ ಪಿಷ್ಟವೇ ಇರುತ್ತದೆ. ಸೀಲಿಯಾಕ್ ರೋಗಿಗೆ ಅದು ಸಹ್ಯ. ಗೋಧಿಯ ಇತರ ಪ್ರೋಟೀನುಗಳಿಗೂ ಅಲರ್ಜಿಯಿರುವವರಿಗೆ ಅಲ್ಲ. ಹಾಗೆಯೇ 'ಗೋಧಿ-ರಹಿತ' ತಿನಿಸಿನಲ್ಲಿ ಬಾರ್ಲಿ ಇದ್ದರೆ ಅದು ಸೀಲಿಯಾಕ್ ರೋಗಿಗೆ ವರ್ಜ್ಯ.

ಬದಲಿ ಆಹಾರಗಳು ಮತ್ತು ಇತರ ಒಗ್ಗದಿಕೆಗಳು

ಗೋಧಿಯ ಸ್ಥಾನವನ್ನು ತುಂಬಲು ಸಿದ್ಧ ತಿನಿಸುಗಳಲ್ಲಿ ಸೋಯಾ, ಹಾಲಿನ ಪುಡಿ, ಮೊಟ್ಟೆ, ಬಾದಾಮಿ ಹಿಟ್ಟು, ಕಡಲೆ ಹಿಟ್ಟುಗಳನ್ನು ಸೇರಿಸುತ್ತಾರೆ. ಇವುಗಳಲ್ಲಿ ಯಾವುದಾದರೂ ಅಲರ್ಜಿಕಾರಕವಾಗಬಹುದು. ಉತ್ತರ ಭಾರತದಲ್ಲಿ ಕುಟ್ಟು ಎನ್ನಿಸಿಕೊಳ್ಳುವ ಬಕ್‌ವೀಟ್, ಹೆಸರಿನಲ್ಲಿ ಗೋಧಿಯಿದ್ದರೂ, ಗೋಧಿಯಲ್ಲ, ಗ್ಲುಟೆನ್ ಅದರಲ್ಲಿಲ್ಲ. ಆದರೆ ಅದೇ ಸ್ವತಃ ತೀವ್ರ ಅಲರ್ಜಿ ತರಬಲ್ಲದೆಂಬುದು ಜಪಾನ್ ಮತ್ತು ಕೊರಿಯಗಳಲ್ಲಿ ಚಿರಪರಿಚಿತ. ಯೂರೋಪಿನ ಬ್ರೆಡ್ಡುಗಳಲ್ಲಿ ಬಳಕೆಯಾಗುವ ಲ್ಯುಪಿನ್ ಕಾಳಿನ ಹಿಟ್ಟು ಶೇಂಗಾ ಅಲರ್ಜಿಯುಳ್ಳವರಿಗೆ ಅಪಾಯಕಾರಿ.

ಹೊಟ್ಟೆಯುಬ್ಬರ, ಭೇದಿಗಳು ಬೇರೆ ಬಗೆಯವು. ಹಾನಿಗೊಂಡ ಕರುಳಿನಲ್ಲಿ ಲ್ಯಾಕ್ಟೇಸ್ ಕಿಣ್ವ ಕಡಿಮೆಯಾಗಿ ಹಾಲು ಜೀರ್ಣವಾಗುವುದಿಲ್ಲ. ಕರುಳು ಮಾಗಿದಂತೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ. ಸೀಲಿಯಾಕ್ ಇಲ್ಲದೆಯೂ ಗೋಧಿ ಒಗ್ಗದವರಲ್ಲಿ ಕೆಲವರಿಗೆ ತೊಂದರೆ ಕೊಡುವುದು ಗ್ಲುಟೆನ್ ಅಲ್ಲ, ಫ್ರಕ್ಟಾನ್ ಎಂಬ ಶರ್ಕರಾಸರಣಿ ಎಂದು 2018ರ ನಾರ್ವೆಯ ಅಧ್ಯಯನವೊಂದು ಸೂಚಿಸಿದೆ. ಫ್ರಕ್ಟಾನ್ ಈರುಳ್ಳಿ, ಬೆಳ್ಳುಳ್ಳಿಗಳಲ್ಲೂ ಧಾರಾಳವಾಗಿದೆ. ನೂರಾರು ಆಹಾರಗಳಿಗೆ ಒಮ್ಮೆಲೇ ಐಜಿಜಿ ಪರೀಕ್ಷೆ ನಡೆಸಿ ವರ್ಜ್ಯಗಳ ಉದ್ದನೆಯ ಪಟ್ಟಿ ಕೊಡುವ ವಾಣಿಜ್ಯ ಪರೀಕ್ಷೆಗಳನ್ನು ಅಲರ್ಜಿ ತಜ್ಞರ ಸಂಘಗಳು ಮಾನ್ಯಮಾಡಿಲ್ಲ. ಐಜಿಜಿ ಇರುವುದು ಆ ಆಹಾರವನ್ನು ತಿಂದಿದ್ದಕ್ಕೆ ಸಾಕ್ಷಿ, ಅದು ಒಗ್ಗುವುದಿಲ್ಲ ಎಂಬುದಕ್ಕಲ್ಲ. ಇಂತಹ ಪಟ್ಟಿ ಹಿಡಿದು ಬೆಳೆಯುವ ಮಕ್ಕಳಿಗೆ ಹಾಲು, ಬೇಳೆ, ಮೊಟ್ಟೆಗಳನ್ನು ನಿಲ್ಲಿಸುವುದು ಖಂಡನೀಯ.

ಕರ್ನಾಟಕದ ಅಡುಗೆಯಲ್ಲಿ

2016ರಲ್ಲಿ ಪ್ರಕಟವಾದ ಭಾರತದ ಸಮೀಕ್ಷೆಯೊಂದರಲ್ಲಿ ಸೀಲಿಯಾಕ್ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ ಸುಮಾರು 1.2 ಮಂದಿಯಲ್ಲಿ, ದಕ್ಷಿಣದಲ್ಲಿ 0.1 ಮಂದಿಯಲ್ಲಿ ಕಂಡುಬಂದವು. ದಕ್ಷಿಣದಲ್ಲಿ ಗೋಧಿಯ ಬಳಕೆ ಕಡಿಮೆಯಿರುವುದು ಇದಕ್ಕೆ ಒಂದು ಕಾರಣವೆಂದು ಭಾವಿಸಲಾಗಿದೆ. ಕಾಯಿಲೆ ವಿರಳವಾದ್ದರಿಂದ ಇಲ್ಲಿ ಅದು ನೆನಪಿಗೆ ಬರುವುದೂ ತಡವಾಗುತ್ತದೆ.

ಅಕ್ಕಿ, ರಾಗಿ, ಜೋಳ, ನವಣೆ, ಸಜ್ಜೆಗಳಲ್ಲಿ ಗ್ಲುಟೆನ್ ಇಲ್ಲದಿರುವುದರಿಂದ ಮುದ್ದೆ, ಜೋಳದ ರೊಟ್ಟಿ, ನೀರುದೋಸೆ, ಅಕ್ಕಿರೊಟ್ಟಿಗಳ ನಾಡಿನಲ್ಲಿ ಈ ಪಥ್ಯ ಕಠಿಣವಲ್ಲ. ತೊಡಕು ಹೆಸರುಗಳಲ್ಲಿದೆ. ಇಡ್ಲಿರವೆ ಅಕ್ಕಿಯದು, ರವೆ ಇಡ್ಲಿ ಗೋಧಿಯದು. ಒತ್ತುಶಾವಿಗೆ ಅಕ್ಕಿಯದು, ಅಂಗಡಿಯ ಒಣ ಶಾವಿಗೆ ಬಹುಮಟ್ಟಿಗೆ ಗೋಧಿಯದು. ರಾಗಿ ಮಾಲ್ಟ್ ಮನೆಯಲ್ಲಿ ಮಾಡಿದ್ದಾದರೆ ಮೊಳಕೆಯ ರಾಗಿ ಮಾತ್ರ. ಡಬ್ಬಿಯ ಮಾಲ್ಟ್ ಪಾನೀಯಗಳಲ್ಲಿ ಸಾಮಾನ್ಯವಾಗಿ ಬಾರ್ಲಿ ಇರುತ್ತದೆ. ಎಲ್ಲಕ್ಕಿಂತ ಗುಪ್ತವಾದುದು ಇಂಗು. ಅಂಗಡಿಯಲ್ಲಿ ದೊರೆಯುವ ಕೂಟ ಇಂಗಿನಲ್ಲಿ ಗೋಂದಿನೊಂದಿಗೆ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುವುದು ಸಾಮಾನ್ಯ. ಹೀಗೆ ಸಾರಿನ ಒಗ್ಗರಣೆಯ ಮೂಲಕವೇ ದಿನವೂ ಗ್ಲುಟೆನ್ ಒಳಸೇರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ದೊರೆಯುತ್ತದೆ. ಪೊಟ್ಟಣದ ಮೇಲಿನ ಘಟಕಗಳ ಪಟ್ಟಿಯನ್ನು ಓದಿ ಕೊಳ್ಳಬೇಕು. ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಹಿಂದಿನ ಹಿಟ್ಟು ಅದರಲ್ಲಿ ಬೆರೆತಿರುತ್ತದೆ. ಹೀಗಾಗಿ ಧಾನ್ಯವನ್ನು ಆರಿಸಿ ತೊಳೆದು ಒಣಗಿಸಿ, ಮನೆಯಲ್ಲಿಯೇ ಪ್ರತ್ಯೇಕವಾಗಿ ಬೀಸಿಕೊಳ್ಳುವುದು ಹಾಗೂ ಚಪಾತಿಯ ಕಾವಲಿ, ಲಟ್ಟಣಿಗೆಗಳನ್ನು ಬೇರೆಯಾಗಿಡುವುದು ಕ್ಷೇಮ.