ಗೋಧಿತೆನೆಯ ಕಾಸು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ೧೯೦೯ರಲ್ಲಿ ಒಂದು ಬಗೆಯ ಸೆಂಟು ನಾಣ್ಯಗಳು ೪,೮೪,೦೦೦ ಮಾತ್ರ ತಯಾರಾದುವು. ಅದೇ ಟಂಕಸಾಲೆಯಿಂದ ೧೯೨೬ರಲ್ಲಿ ೪೫ ಲಕ್ಷಕ್ಕೂ ಹೆಚ್ಚು ಸೆಂಟುಗಳು ಹೊರಬಿದ್ದುವು. ಟಂಕಿಸಿದ ದಿನದ ಕೆಂಪು ಕಾಂತಿಯನ್ನು ಪೂರ್ಣವಾಗಿ ಉಳಿಸಿಕೊಂಡ ನಾಣ್ಯಗಳು ಈ ಎರಡರಲ್ಲಿ ಯಾವುವು ಹೆಚ್ಚು ವಿರಳ? ಲೆಕ್ಕ ಬಲ್ಲವರು ಮೊದಲನೆಯವೆಂದೇ ಹೇಳುವರು. ಆದರೆ ನಿಜವಾಗಿ ವಿರಳವಾದುವು ೧೯೨೬ರವು. ಇದೇಕೆ ಹೀಗೆ ಎಂಬುದನ್ನು ತಿಳಿಯಲು ನಾಣ್ಯವು ಹುಟ್ಟುವ ಕ್ರಮವನ್ನೂ ತಾಮ್ರದ ಸ್ವಭಾವವನ್ನೂ ನಾವು ಸ್ವಲ್ಪ ಪರಿಶೀಲಿಸಬೇಕು.

ಅಬ್ರಹಾಂ ಲಿಂಕನ್ ಹುಟ್ಟಿದುದು ೧೮೦೯ರಲ್ಲಿ. ಆತನ ಜನ್ಮಶತಾಬ್ದಿಯ ಸ್ಮರಣೆಗಾಗಿ ವಿಕ್ಟರ್ ಡೇವಿಡ್ ಬ್ರೆನ್ನರ್ ಎಂಬ ಶಿಲ್ಪಿ ಹೊಸ ಸೆಂಟನ್ನು ರೂಪಿಸಿದನು. ಮುಂಬದಿಯಲ್ಲಿ ಲಿಂಕನ್ನನ ಮುಖ. ಹಿಂಬದಿಯಲ್ಲಿ ಎರಡು ಅಂಚುಗಳನ್ನೂ ಅನುಸರಿಸಿ ಬಾಗಿದ ಎರಡು ಗೋಧಿತೆನೆಗಳು. ಆದ್ದರಿಂದಲೇ ೧೯೫೮ರವರೆಗೆ ನಡೆದ ಈ ನಾಣ್ಯಕ್ಕೆ ‘ಗೋಧಿ ಪೆನ್ನಿ’ ಎಂಬ ಹೆಸರು ನಿಂತಿತು. ನೂರರಲ್ಲಿ ೯೫ ಪಾಲು ತಾಮ್ರ, ಉಳಿದುದು ತವರ ಮತ್ತು ಸತು, ತೂಕ ೩.೧೧ ಗ್ರಾಂ, ವ್ಯಾಸ ಸುಮಾರು ೧೯ ಮಿಲಿಮೀಟರ್. ಬ್ರೆನ್ನರ್ ತನ್ನ ಹೆಸರಿನ ಮೊದಲಕ್ಷರಗಳಾದ ‘ವಿ.ಡಿ.ಬಿ.’ಯನ್ನು ಹಿಂಬದಿಯ ಕೆಳಗೆ ಕೆತ್ತಿದ್ದನು. ಅವು ಕಣ್ಣಿಗೆ ರಾಚುವಂತಿವೆಯೆಂದು ಆಕ್ಷೇಪಣೆ ಎದ್ದು, ಕೆಲವೇ ದಿನಗಳಲ್ಲಿ ಅವನ್ನು ತೆಗೆದುಹಾಕಲಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಆ ೪,೮೪,೦೦೦ ನಾಣ್ಯಗಳು ಈ ಅಕ್ಷರಗಳುಳ್ಳವು. ಟಂಕಸಾಲೆಯ ಗುರುತು ಇಸವಿಯ ಕೆಳಗಿರುತ್ತದೆ: ಸ್ಯಾನ್ ಫ್ರಾನ್ಸಿಸ್ಕೋಗೆ ‘ಎಸ್’, ಡೆನ್ವರ್‌ಗೆ ‘ಡಿ’, ಫಿಲಡೆಲ್ಫಿಯದ್ದಕ್ಕೆ ಗುರುತಿಲ್ಲ.

ಇನ್ನು ನಾಣ್ಯದ ಹುಟ್ಟು. ಬರಿಯ ಲೋಹದ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಭಾರಿ ಒತ್ತಡದಿಂದ ಅದುಮಿದಾಗ, ಲೋಹವು ಘನವಾಗಿದ್ದರೂ ಅಚ್ಚಿನ ಕುಳಿಗಳೊಳಕ್ಕೆ ಹರಿಯುತ್ತದೆ. ನಡುವಿನಿಂದ ಅಂಚಿನ ಕಡೆಗೂ ಹರಿಯುತ್ತದೆ. ಈ ಹರಿವು ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳನ್ನು ಉಳಿಸುತ್ತದೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದರೆ, ಬಂಡಿಯ ಚಕ್ರದ ಅರಕಾಲುಗಳಂತೆ ಬೆಳಕಿನ ಪಟ್ಟೆಗಳು ಸುತ್ತುವುದು ಈ ಗೆರೆಗಳಿಂದಲೇ. ಗೆರೆಗಳ ತುದಿಗಳು ಸ್ವಲ್ಪ ಸವೆದರೂ ಆ ಸುತ್ತು ಅಲ್ಲಿ ಕಡಿದುಹೋಗುತ್ತದೆ. ನಾಣ್ಯಪರೀಕ್ಷಕನು ಮೊದಲು ನೋಡುವುದು ಇದನ್ನೇ.

ಸವೆತವು ಉಬ್ಬಿದ ಭಾಗಗಳನ್ನು ಮೊದಲು ಹಿಡಿಯುತ್ತದೆ. ಲಿಂಕನ್ನನ ಕೆನ್ನೆಯ ಮೂಳೆ, ದವಡೆ, ಹಿಂಬದಿಯಲ್ಲಿ ತೆನೆಗಳ ತುದಿ, ಇವೇ ಆ ಸ್ಥಳಗಳು. ತೆನೆಯ ಗೆರೆಗಳೆಲ್ಲವೂ ಅಳಿದು ಆಕಾರ ಮಾತ್ರ ಉಳಿದಿದ್ದರೆ ಅದು ಕೆಳದರ್ಜೆ. ಗೆರೆಗಳು ಸ್ಪಷ್ಟವಾಗಿದ್ದು ಕೆನ್ನೆ ಮಾತ್ರ ತುಸು ಮಾಸಿದ್ದರೆ ಮೇಲ್ದರ್ಜೆ. ಇದನ್ನು ಅಂಕಗಳಲ್ಲಿ ಹೇಳುವ ಪದ್ಧತಿ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞನದು. ಅಮೆರಿಕದ ಹಳೆಯ ದೊಡ್ಡ ಸೆಂಟುಗಳಿಗಾಗಿ ೧೯೪೯ರಲ್ಲಿ ಆತ ೧ರಿಂದ ೭೦ರವರೆಗಿನ ಮಾನವನ್ನು ಸೂಚಿಸಿದನು. ೭೦ ಅಂಕದ ನಾಣ್ಯಕ್ಕೆ ೧ ಅಂಕದ್ದರ ಎಪ್ಪತ್ತು ಪಟ್ಟು ಬೆಲೆ ಎಂಬುದು ಆತನ ಎಣಿಕೆ. ಬೆಲೆಯ ಎಣಿಕೆ ಬಹುಬೇಗ ಬಿದ್ದುಹೋಯಿತು. ಅಂಕಗಳು ಮಾತ್ರ ಉಳಿದುವು. ಇಂದು ೬೦ರಿಂದ ೭೦ರವರೆಗಿನವು ಸವೆತವೇ ಇಲ್ಲದ ನಾಣ್ಯಗಳಿಗೆ ಮೀಸಲು.

ಆದರೆ ಸವೆದ ನಾಣ್ಯ ಬೇರೆ, ಅಚ್ಚು ಸರಿಯಾಗಿ ಮೂಡದ ನಾಣ್ಯ ಬೇರೆ. ೧೯೨೦ರ ದಶಕದಲ್ಲಿ ಡೆನ್ವರ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋಗಳಲ್ಲಿ ಸವೆದ ಅಚ್ಚುಗಳನ್ನೇ ಬಳಸುತ್ತಿದ್ದುದರಿಂದ ಅನೇಕ ಸೆಂಟುಗಳು ಹುಟ್ಟುವಾಗಲೇ ಮಸುಕಾಗಿದ್ದುವು. ೧೯೨೨ರಲ್ಲಿ ಸೆಂಟುಗಳನ್ನು ಟಂಕಿಸಿದುದು ಡೆನ್ವರ್ ಒಂದೇ. ಆದರೂ ಆ ವರ್ಷದ ಕೆಲವು ನಾಣ್ಯಗಳಲ್ಲಿ ‘ಡಿ’ ಅಕ್ಷರವೇ ಕಾಣದಷ್ಟು ಅಚ್ಚು ಕೆಟ್ಟಿತ್ತು. ಇಂತಹ ನಾಣ್ಯವನ್ನು ಸವೆದುದೆಂದು ತಳ್ಳಿಹಾಕುವುದು ಅನ್ಯಾಯ. ಬೆಳಕಿನ ಚಕ್ರವು ಮಸುಕಾದ ಭಾಗದ ಮೇಲೂ ಕಡಿಯದೆ ಹಾದುಹೋದರೆ ಅಲ್ಲಿ ಸವೆತವಿಲ್ಲ, ಅಚ್ಚಿನ ದೋಷ ಮಾತ್ರ ಇದೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಬಣ್ಣ. ಸಂಗ್ರಾಹಕರು ಕೆಂಪು, ಕೆಂಗಂದು, ಕಂದು ಎಂದು ಮೂರು ವರ್ಗ ಮಾಡುತ್ತಾರೆ. ಹೊಸ ತಾಮ್ರವು ಗಾಳಿಯ ಆಮ್ಲಜನಕದೊಡನೆ ಸೇರಿ ಕ್ಯೂಪ್ರಸ್ ಆಕ್ಸೈಡಿನ ತೆಳುಪೊರೆಯನ್ನು ಹೊದೆಯುತ್ತದೆ. ಪೊರೆ ದಪ್ಪವಾದಂತೆ ಕೆಂಪು ಕಂದಿಗೆ ತಿರುಗುತ್ತದೆ. ತೇವ, ಬೆರಳಿನ ಬೆವರಿನ ಉಪ್ಪು, ಅಗ್ಗದ ಕಾಗದದಲ್ಲಿರುವ ಗಂಧಕದ ಸಂಯುಕ್ತಗಳು ಈ ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ಹೀಗೆಂದು ಬೆಳಗಲು ಹೊರಡಬಾರದು. ನಮ್ಮ ಮನೆಗಳಲ್ಲಿ ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದುಂಟು. ಹುಣಸೆಯ ಆಮ್ಲವು ಆಕ್ಸೈಡನ್ನು ಕರಗಿಸುವುದರಿಂದ ಬಿಂದಿಗೆ ಥಳಥಳಿಸುತ್ತದೆ. ನಾಣ್ಯಕ್ಕೆ ಇದೇ ಉಪಚಾರ ಮಾಡಿದರೆ ಪೊರೆಯಾಗಿ ಮಾರ್ಪಟ್ಟ ಲೋಹ ಹೋಗುತ್ತದೆ, ತಿಕ್ಕಿದಾಗ ಹರಿವಿನ ಗೆರೆಗಳೂ ಹೋಗುತ್ತವೆ. ಉಳಿಯುವುದು ಬೆಳಕಿನ ಚಕ್ರವಿಲ್ಲದ ಸಪ್ಪೆ ಕೆಂಪು. ಅದನ್ನು ಮೊದಲಿನಂತೆ ಮಾಡುವ ಉಪಾಯವಿಲ್ಲ. ನೂರು ವರ್ಷ ಕಂದಾಗಿ ಉಳಿದ ಕಾಸನ್ನು ಒಂದು ನಿಮಿಷದಲ್ಲಿ ಕೆಡಿಸುವವರು ಸಾಮಾನ್ಯವಾಗಿ ಅದನ್ನು ಪ್ರೀತಿಸುವವರೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ೧೯೦೯ರ ಸೆಂಟು ಹೊಸ ರೂಪದ್ದು. ಅದರ ಅಕ್ಷರಗಳ ವಿವಾದವೂ ಹಬ್ಬಿತ್ತು. ಜನರು ಅದನ್ನು ಖರ್ಚುಮಾಡದೆ ತೆಗೆದಿಟ್ಟರು. ೧೯೨೬ರದು ಪರಿಚಿತ ಚಿಲ್ಲರೆ. ಅದನ್ನು ಕೂಡಿಡುವ ಗೋಜಿಗೆ ಹೋದವರು ತೀರ ಕಡಿಮೆ. ಮಸುಕಾಗಿ ಹುಟ್ಟಿ, ಕೈಯಿಂದ ಕೈಗೆ ಹೋಗಿ, ಕಂದಾಗಿ ಅವು ಕಳೆದುಹೋದುವು. ವಿರಳತೆಯನ್ನು ನಿರ್ಧರಿಸುವುದು ಎಷ್ಟು ಹುಟ್ಟಿದುವೆಂಬುದಲ್ಲ, ಯಾವ ಸ್ಥಿತಿಯಲ್ಲಿ ಎಷ್ಟು ಉಳಿದುವೆಂಬುದು.

ಬೆಲೆ ಏರಿದಲ್ಲಿ ಮೋಸವೂ ಹುಟ್ಟುತ್ತದೆ. ಯುದ್ಧಕ್ಕೆ ತಾಮ್ರ ಬೇಕಾಗಿದ್ದುದರಿಂದ ೧೯೪೩ರ ಸೆಂಟುಗಳನ್ನು ಸತುವಿನ ಲೇಪವುಳ್ಳ ಉಕ್ಕಿನಿಂದ ಮಾಡಲಾಯಿತು. (ನಮ್ಮ ದೇಶದ ಒಂದು ಪೈಸೆಯ ನಡುವೆ ತೂತು ಬಿದ್ದುದೂ ಅದೇ ವರ್ಷ.) ತಪ್ಪಿ ತಾಮ್ರದಲ್ಲಿ ಮೂಡಿದ ಕೆಲವೇ ೧೯೪೩ರ ಸೆಂಟುಗಳಿಗೆ ಅಪಾರ ಬೆಲೆಯಿರುವುದರಿಂದ, ಉಕ್ಕಿನವಕ್ಕೆ ತಾಮ್ರ ಬಳಿದು ಮಾರುವವರುಂಟು, ಅಂತಹುದನ್ನು ಅಯಸ್ಕಾಂತವು ಕೂಡಲೇ ಸೆಳೆದು ಗುಟ್ಟು ಹೊರಗೆಡಹುತ್ತದೆ. ಡೆನ್ವರಿನ ೧೯೧೪ರ ಸೆಂಟೂ ವಿರಳ. ೧೯೪೪ರ ನಾಣ್ಯದಲ್ಲಿ ಮೊದಲನೆಯ ನಾಲ್ಕನ್ನು ಕೆರೆದು ಒಂದಾಗಿಸಿ ಅದನ್ನು ಸೃಷ್ಟಿಸುತ್ತಾರೆ. ಭೂತಗನ್ನಡಿಯಿಂದ ಲಿಂಕನ್ನನ ಹೆಗಲಿನ ಅಂಚನ್ನು ನೋಡಿದರೆ ಸಾಕು. ಅಲ್ಲಿ ‘ವಿ.ಡಿ.ಬಿ.’ ಎಂಬ ಪುಟ್ಟ ಅಕ್ಷರಗಳಿದ್ದರೆ ನಾಣ್ಯ ಖೋಟಾ. ಆ ಅಕ್ಷರಗಳು ಹೆಗಲಿನ ಮೇಲೆ ಬಂದುದು ೧೯೧೮ರಲ್ಲಿ.