ವೃದ್ಧಸ್ತ್ರೀಯರೂ ಅಂಗಸಾಧನೆಯೂ



ವಯಸ್ಸಾದ ಹೆಂಗಸರಿಗೆ ಅಂಗಸಾಧನೆ ಎಂದೊಡನೆ ಕೆಲವರಿಗೆ ನಗು ಬರಬಹುದು, ಕೆಲವರಿಗೆ ಭಯವಾಗಬಹುದು. ಗರಡಿಯ ಸಾಮು ಎಲ್ಲಿ, ಮೊಮ್ಮಕ್ಕಳನ್ನು ಆಡಿಸುವ ಅಜ್ಜಿ ಎಲ್ಲಿ ಎಂದು ನಗುವವರು ಕೇಳುತ್ತಾರೆ. ಮೊದಲೇ ಸವೆದ ಮೂಳೆಗೆ ಇನ್ನಷ್ಟು ಶ್ರಮವೆ ಎಂದು ಭಯಪಡುವವರು ಕೇಳುತ್ತಾರೆ. ಇವರಲ್ಲದೆ ಮೂರನೆಯ ಬಗೆಯವರೂ ಉಂಟು. ಅವರ ಆಕ್ಷೇಪಣೆಯೇ ಎಲ್ಲಕ್ಕಿಂತ ಬಲವಾದುದು. “ನಮ್ಮ ಹಳ್ಳಿಯ ಹೆಂಗಸರು ಜೀವಮಾನವೆಲ್ಲ ದುಡಿದವರು. ಅವರಿಗೆ ಬೇಕಾದುದು ವಿಶ್ರಾಂತಿಯೇ ಹೊರತು ವ್ಯಾಯಾಮವಲ್ಲ” ಎಂಬುದು ಅವರ ಮಾತು. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ವಿಚಾರಮಾಡುವುದೇ ಇಂದಿನ ಭಾಷಣದ ಉದ್ದೇಶ.

ವಿಚಾರಕ್ಕೆ ಒಂದು ಊರನ್ನು ಇಟ್ಟುಕೊಳ್ಳೋಣ. ಚಿತ್ರದುರ್ಗದ ಉತ್ತರಕ್ಕೆ ತುರುವನೂರು ಎಂಬ ಹೋಬಳಿಯ ಊರಿದೆ. ೧೯೩೯ರಲ್ಲಿ ಈಚಲು ಮರಗಳನ್ನು ಕಡಿದು ನಡೆಸಿದ ಸತ್ಯಾಗ್ರಹದಿಂದ ಅದರ ಹೆಸರು ಹಿಂದಿನ ಮೈಸೂರು ಸಂಸ್ಥಾನದಲ್ಲೆಲ್ಲ ಕೇಳಿಬಂದಿತು. ನಿಜಲಿಂಗಪ್ಪನವರು ಅದರ ಮುಂದಾಳುಗಳಾಗಿದ್ದರು. ಮಳೆಯನ್ನು ನಂಬಿ ಬೇಸಾಯ ಮಾಡುವ ಸೀಮೆ ಅದು. ಅಲ್ಲಿಯ ಹೆಂಗಸರಿಗೆ ದುಡಿಮೆ ಹೊಸದಲ್ಲ. ದುರ್ಗದ ಕಡೆಯ ಹೆಣ್ಣಿನ ಬಲಕ್ಕೆ ಗುರುತಾಗಿ ಕನ್ನಡಿಗರೆಲ್ಲರೂ ನೆನೆಯುವುದು ಕೋಟೆಯ ಕಿಂಡಿಯಲ್ಲಿ ನಿಂತ ಓಬವ್ವನನ್ನು. ಆಕೆಯ ಕೈಯಲ್ಲಿದ್ದುದು ಕತ್ತಿಯಲ್ಲ, ಒನಕೆ. ದಿನವೂ ಒನಕೆಯನ್ನು ಎತ್ತಿ ಇಳಿಸಿದ ತೋಳಿಗೆ ಅಂಥ ಬಲ ಇದ್ದೀತೆಂದು ನಾವು ಸುಲಭವಾಗಿ ನಂಬುತ್ತೇವೆ. ಆ ನಂಬಿಕೆಯಲ್ಲಿ ಶರೀರಶಾಸ್ತ್ರದ ಸತ್ಯವೂ ಅಡಗಿದೆ. ಭಾರವನ್ನು ಎದುರಿಸಿದ ಮಾಂಸಖಂಡ ಬಲಿಯುತ್ತದೆ; ಅದು ಎಳೆದ ಮೂಳೆಯೂ ಗಟ್ಟಿಯಾಗುತ್ತದೆ.

ಆದರೆ ಒನಕೆ ಈಗ ಮೂಲೆ ಸೇರಿದೆ. ಬೀಸುವ ಕಲ್ಲಿನ ಕೆಲಸವನ್ನು ಹಿಟ್ಟಿನ ಗಿರಣಿ ಮಾಡುತ್ತದೆ; ಸೇದುವ ಬಾವಿಯ ಬದಲು ನಲ್ಲಿ ಬಂದಿದೆ. ಇದು ಸಂತೋಷದ ಸಂಗತಿಯೇ. ಆ ದುಡಿಮೆ ಮತ್ತೆ ಬರಲೆಂದು ಬಯಸುವವನು ಅದನ್ನು ಮಾಡಿ ನೋಡಿದವನಾಗಿರಲಾರ. ಆದರೆ ದೇಹಕ್ಕೆ ಬಲ ಕೊಡುತ್ತಿದ್ದ ಭಾರ ಹೋಗಿ, ದೇಹವನ್ನು ಸವೆಸುವ ಕೆಲಸ ಮಾತ್ರ ಉಳಿದಿದೆ ಎಂಬುದನ್ನು ಗಮನಿಸಬೇಕು. ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವುದು, ಬೆನ್ನು ಬಾಗಿಸಿ ಶೇಂಗಾ ಬಿಡಿಸುವುದು, ಇವು ಗಂಟೆಗಟ್ಟಲೆ ಒಂದೇ ಕೀಲನ್ನು ಒಂದೇ ರೀತಿ ಬಳಸುವ ಕೆಲಸಗಳು. ಮಂಡಿ ನೋಯುತ್ತದೆ, ತೊಡೆಗೆ ಹೊಸ ಬಲವೇನೂ ಬರುವುದಿಲ್ಲ. ದುಡಿಮೆಯ ಅಳತೆಯನ್ನು ನಿರ್ಣಯಿಸುವುದು ಹೊಲ ಮತ್ತು ಕೂಲಿ. ಅಂಗಸಾಧನೆಯ ಅಳತೆಯನ್ನು ನಿರ್ಣಯಿಸುವುದು ಮಾಡುವವಳ ದೇಹ. ಇವೆರಡಕ್ಕೂ ಇರುವ ಭೇದ ಇದೇ.

ಇನ್ನು ವಯಸ್ಸಿನ ವಿಷಯ. ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಸ್ತ್ರೀಯರ ಮೂಳೆ ಬೇಗ ಬೇಗನೆ ತೆಳುವಾಗುತ್ತದೆ. ಮೂಳೆಯನ್ನು ಕಾಯುತ್ತಿದ್ದ ಈಸ್ಟ್ರೋಜನ್ ಎಂಬ ರಸ ಕಡಮೆಯಾಗುವುದೇ ಕಾರಣ. ಮಾಂಸಖಂಡವೂ ಕರಗುತ್ತ ಬರುತ್ತದೆ. ಇವೆರಡೂ ಸೇರಿದಾಗ ಬಚ್ಚಲಿನಲ್ಲಿ ಒಮ್ಮೆ ಜಾರಿದರೆ ಸಾಕು, ಸೊಂಟದ ಕೀಲಿನ ಮೂಳೆ ಮುರಿಯುತ್ತದೆ. ಅಲ್ಲಿಯವರೆಗೆ ತನ್ನ ನೀರನ್ನು ತಾನೇ ತಂದುಕೊಳ್ಳುತ್ತಿದ್ದವಳು ಅಲ್ಲಿಂದ ಮುಂದೆ ಮತ್ತೊಬ್ಬರ ಕೈ ಕಾಯಬೇಕಾಗುತ್ತದೆ. ಹಾಸಿಗೆಯಿಂದ ಏಳುವುದು, ಶೌಚಕ್ಕೆ ಹೋಗುವುದು, ನೆಂಟರ ಮನೆಗೆ ಹೊರಡುವುದು, ಈ ಸಣ್ಣ ಸ್ವಾತಂತ್ರ್ಯಗಳೇ ಮುದುಕಿಯ ಮಾನ. ಅಂಗಸಾಧನೆ ಕಾಪಾಡಬೇಕಾದುದು ಇವನ್ನು.

ಹೋದ ಬಲ ವೃದ್ಧಾಪ್ಯದಲ್ಲಿ ಮರಳಿ ಬರುವುದೆ? ಬರುತ್ತದೆ ಎಂದು ನಿದರ್ಶನಗಳು ಹೇಳುತ್ತವೆ. ೧೯೯೦ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಸುಮಾರು ೯೦ ವರ್ಷ ವಯಸ್ಸಿನ ಹತ್ತು ಮಂದಿ ದುರ್ಬಲ ವೃದ್ಧರಿಂದ ೮ ವಾರ ಕಾಲಿಗೆ ಭಾರದ ಸಾಧನೆ ಮಾಡಿಸಿದ ವರದಿಯನ್ನು ಪ್ರಕಟಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಎರಡೂವರೆ ಪಾಲಿಗಿಂತ ಹೆಚ್ಚಾಗಿತ್ತು. ೧೯೯೭ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಿಂದ ಮತ್ತೊಂದು ವರದಿ ಬಂದಿತು. ೮೦ ವರ್ಷ ದಾಟಿದ ೨೩೩ ಮಂದಿ ಸ್ತ್ರೀಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿದ್ದರು. ಒಂದು ಗುಂಪಿನವರ ಮನೆಗೆ ಫಿಜಿಯೋಥೆರಪಿಸ್ಟ್ ಮೊದಲ ಎರಡು ತಿಂಗಳಲ್ಲಿ ನಾಲ್ಕು ಬಾರಿ ಹೋಗಿ, ಅವರವರ ಶಕ್ತಿಗೆ ತಕ್ಕ ಸಾಧನೆಗಳನ್ನು ಕಲಿಸಿ, ತಿದ್ದಿ ಬಂದರು. ಒಂದು ವರ್ಷದಲ್ಲಿ ಆ ಗುಂಪಿನವರು ಬಿದ್ದದ್ದು ೮೮ ಸಲ. ಹೆಚ್ಚುಕಡಮೆ ಅಷ್ಟೇ ಜನರಿದ್ದ ಇನ್ನೊಂದು ಗುಂಪಿನವರು ೧೫೨ ಸಲ.

ಆಸ್ಟ್ರೇಲಿಯದ ನಿದರ್ಶನ ಇನ್ನೂ ಸ್ವಾರಸ್ಯವಾದುದು. ಮೂಳೆ ತೆಳುವಾಗಿದ್ದ, ೫೮ ವರ್ಷ ದಾಟಿದ ೧೦೧ ಮಂದಿ ಸ್ತ್ರೀಯರಲ್ಲಿ ಅರ್ಧದಷ್ಟು ಜನ ಶಿಕ್ಷಕರ ಎದುರಿನಲ್ಲಿ ವಾರಕ್ಕೆ ಎರಡು ಬಾರಿ, ಅರ್ಧ ಗಂಟೆಯಂತೆ, ಎಂಟು ತಿಂಗಳು ಸಾಕಷ್ಟು ಭಾರವನ್ನೇ ಎತ್ತಿದರು. ಉಳಿದವರು ಮನೆಯಲ್ಲಿ ಹಗುರವಾದ ಸಾಧನೆ ಮಾಡಿದರು. ೨೦೧೮ರಲ್ಲಿ ಅಚ್ಚಾದ ಫಲಿತಾಂಶದಂತೆ ಮೊದಲನೆಯವರ ಬೆನ್ನುಮೂಳೆಯ ಸಾಂದ್ರತೆ ನೂರಕ್ಕೆ ೨.೯ರಷ್ಟು ಹೆಚ್ಚಿತ್ತು, ಎರಡನೆಯವರದು ೧.೨ರಷ್ಟು ಕುಗ್ಗಿತ್ತು. ಆದರೆ ಇದನ್ನು ಕೇಳಿದೊಡನೆ ಯಾರೂ ಮನೆಯ ಅಜ್ಜಿಯ ಕೈಗೆ ಭಾರದ ಮೂಟೆಯನ್ನು ಕೊಡಬಾರದು. ಅಲ್ಲಿ ಪ್ರತಿಯೊಂದು ಎತ್ತುವಿಕೆಯನ್ನೂ ತಿಳಿದವರು ನಿಂತು ನೋಡುತ್ತಿದ್ದರು. ಅಪಾಯವಿಲ್ಲದೆ ಫಲ ದೊರೆತುದು ಅದರಿಂದಲೇ.

ಮೇಲ್ವಿಚಾರಣೆ ಎಂಬುದು ನಮಗೆ ಹೊಸ ಮಾತೇನೂ ಅಲ್ಲ. ಗರಡಿಯ ಉಸ್ತಾದರು ಹೊಸ ಹುಡುಗನಿಗೆ ಮೊದಲ ದಿನವೇ ದೊಡ್ಡ ಗುಂಡುಕಲ್ಲನ್ನು ತೋರಿಸುವುದಿಲ್ಲ. ೧೯೩೩ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ಆರಂಭಿಸಿದ ಕೃಷ್ಣಮಾಚಾರ್ಯರು, ಅಭ್ಯಾಸವನ್ನು ವ್ಯಕ್ತಿಗೆ ಹೊಂದಿಸಬೇಕು, ವ್ಯಕ್ತಿಯನ್ನು ಅಭ್ಯಾಸಕ್ಕಲ್ಲ ಎಂಬ ತತ್ತ್ವಕ್ಕೆ ಹೆಸರಾದರು. ಗರಡಿಯಾಗಲಿ ಯೋಗಶಾಲೆಯಾಗಲಿ ಆ ಕಾಲದಲ್ಲಿ ಮುಖ್ಯವಾಗಿ ಎಳೆಯ ಗಂಡುಮಕ್ಕಳಿಗಾಗಿ ಇದ್ದವು. ಅದೇ ಎಚ್ಚರವನ್ನು ಅಜ್ಜಿಯರಿಗೂ ದೊರಕಿಸುವುದು ಈಗ ಆಗಬೇಕಾದ ಕೆಲಸ.

ಮೇಲ್ವಿಚಾರಕರ ಕರ್ತವ್ಯಗಳು ನಾಲ್ಕು: ಮೊದಲು ವಿಚಾರಿಸುವುದು, ಎದುರಿಗೆ ನಿಂತು ನೋಡುವುದು, ಕ್ರಮವಾಗಿ ಹೆಚ್ಚಿಸುವುದು, ಬರೆದಿಡುವುದು.

ವಿಚಾರಿಸುವುದು ಏಕೆಂದರೆ, ಎಲ್ಲ ನೋವೂ ಮುಪ್ಪಿನ ನೋವಲ್ಲ. ಚಿತ್ರದುರ್ಗ ಜಿಲ್ಲೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಜಿಲ್ಲೆಗಳಲ್ಲೊಂದು. ವರ್ಷಗಟ್ಟಲೆ ಅಂಥ ನೀರನ್ನು ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಸೆಟೆಯುತ್ತದೆ. ಮೂಳೆ ಮಂದವಾಗಿ ಕಂಡರೂ ಪೆಡಸಾಗಿರುತ್ತದೆ. ಇಂಥವರನ್ನು ವೈದ್ಯರು ಮೊದಲು ಪರೀಕ್ಷಿಸಬೇಕು. ಅವರಿಗೆ ಒಳ್ಳೆಯ ನೀರು ಮೊದಲ ಔಷಧ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಎದೆನೋವು, ಹಿಂದೆ ಬಿದ್ದದ್ದು, ಇವನ್ನೆಲ್ಲ ಕೇಳಿ ತಿಳಿಯಬೇಕು. ಮೂಳೆ ತೆಳುವಾದವರು ಬೆನ್ನನ್ನು ತೀರ ಮುಂದಕ್ಕೆ ಬಗ್ಗಿಸುವ, ತಿರುಚುವ ಆಸನಗಳನ್ನು ಮಾಡಬಾರದು. ಎತ್ತುವಾಗ ಉಸಿರು ಕಟ್ಟಬಾರದು. ಎದೆಯಲ್ಲಿ ನೋವು, ತಲೆ ಸುತ್ತು ಅಥವಾ ಮಾತನಾಡಲಾಗದಷ್ಟು ಏದುಸಿರು ಕಂಡರೆ ಆ ಕ್ಷಣವೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಸಾಧನೆಗಳು ಸರಳವಾದವು. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಕೈಯ ಸಹಾಯವಿಲ್ಲದೆ ಎದ್ದು ಕೂರುವುದು. ಕಂಬ ಹಿಡಿದು ಹಿಮ್ಮಡಿಯನ್ನು ಎತ್ತಿ ಇಳಿಸುವುದು. ಗೋಡೆಗೆ ಅಂಗೈ ಊರಿ ದೇಹವನ್ನು ಮುಂದೆ ತಂದು ಹಿಂದಕ್ಕೆ ನೂಕುವುದು. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ನೇರವಾಗಿ ನಡೆಯುವುದು. ನೀರು ತುಂಬಿದ ಚೆಂಬನ್ನು ಭುಜದ ಮಟ್ಟಕ್ಕೆ ಎತ್ತುವುದು. ಒಂದೊಂದನ್ನೂ ಎಂಟು ಹತ್ತು ಸಲ ಮಾಡಿದರೆ ಆರಂಭಕ್ಕೆ ಸಾಕು. ಹತ್ತು ಸಲ ಸುಲಭವಾದಾಗ ಮಾತ್ರ ಹೆಚ್ಚಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ನೀಡಿದ ಸೂಚನೆಯಂತೆ, ೬೫ ದಾಟಿದವರು ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯ ಜೊತೆಗೆ, ಮೂರು ದಿನವಾದರೂ ಬಲಕ್ಕೂ ಸಮತೋಲಕ್ಕೂ ಸಾಧನೆ ಮಾಡಬೇಕು. ಅಷ್ಟು ಆಗದವರು ಆದಷ್ಟು ಮಾಡಿದರೂ ಲಾಭವೇ.

ಬರೆದಿಡುವುದಕ್ಕೂ ಸುಲಭವಾದ ಒಂದು ಪರೀಕ್ಷೆಯಿದೆ. ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಕಟ್ಟಿ, ೩೦ ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಏಳಬಹುದೆಂದು ಎಣಿಸುವುದು. ೬೫ರಿಂದ ೬೯ರ ಸ್ತ್ರೀ ೧೧ಕ್ಕಿಂತ ಕಡಮೆ ಎದ್ದರೆ ಬೀಳುವ ಭಯ ಹೆಚ್ಚೆಂದು ತಿಳಿಯುತ್ತಾರೆ. ತಿಂಗಳಿಗೊಮ್ಮೆ ಈ ಸಂಖ್ಯೆಯನ್ನು ಬರೆದಿಟ್ಟರೆ ಏಳಿಗೆ ಕಣ್ಣಿಗೆ ಕಾಣುತ್ತದೆ. ಕಂಡ ಏಳಿಗೆಯೇ ಉತ್ಸಾಹಕ್ಕೆ ಕಾರಣ.

ತುರುವನೂರಿನಂಥ ಕಡೆ ಇದನ್ನು ನೋಡಿಕೊಳ್ಳುವವರು ಯಾರು? ಹೊಸ ಕಟ್ಟಡವೇನೂ ಬೇಕಾಗಿಲ್ಲ. ಹೆಂಗಸರ ಸ್ವಸಹಾಯ ಸಂಘಗಳು ಹಳ್ಳಿ ಹಳ್ಳಿಯಲ್ಲೂ ಕೂಡುತ್ತವೆ. ಹಣದ ಲೆಕ್ಕ ಮುಗಿದ ಮೇಲೆ ಅಲ್ಲಿಯೇ ಅರ್ಧ ಗಂಟೆ ಸಾಧನೆ ನಡೆಯಬಹುದು. ಮನೆಮನೆಯನ್ನು ಬಲ್ಲ ಆಶಾ ಕಾರ್ಯಕರ್ತೆಯಾಗಲಿ, ಶಾಲೆಯ ವ್ಯಾಯಾಮ ಶಿಕ್ಷಕಿಯಾಗಲಿ ಫಿಜಿಯೋಥೆರಪಿಸ್ಟರಿಂದ ಕಲಿತು ಬಂದು ನಡೆಸಬಹುದು. ೨೦೧೦ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಯೂ ದೊರೆಯಬೇಕೆಂದು ವಿಧಿಸಿದೆ. ಆ ಅನುಕೂಲವನ್ನು ಕೇಳಿ ಪಡೆಯುವುದು ನಮ್ಮ ಕೆಲಸ. ಗುಂಪಿನಲ್ಲಿ ಕೂಡುವುದರಿಂದ ಇನ್ನೊಂದು ಪ್ರಯೋಜನವೂ ಉಂಟು: ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಒಂಟಿಯಾಗಿ ಉಳಿಯುವ ಮುದುಕಿಗೆ ನಾಲ್ಕು ಜನರ ಮಾತು ದೊರೆಯುತ್ತದೆ.

ಈ ಮಾತುಗಳನ್ನು ಕೇಳುತ್ತಿರುವ ನಿಮ್ಮಲ್ಲಿ ಅನೇಕರು ನಗರವಾಸಿಗಳು. ನಿಮ್ಮ ತಾಯಂದಿರು, ಅತ್ತೆಯರು ಊರಿನಲ್ಲಿರಬಹುದು, ನಿಮ್ಮ ಮನೆಯಲ್ಲೇ ಇರಬಹುದು. “ಸುಮ್ಮನೆ ಕೂತಿರಮ್ಮ, ನಾವು ಮಾಡುತ್ತೇವೆ” ಎಂದು ಪ್ರೀತಿಯಿಂದ ಹೇಳುವ ಮಾತು ಅವರ ಕಾಲಿನ ಬಲವನ್ನು ದಿನದಿನಕ್ಕೆ ತೆಗೆದುಕೊಳ್ಳುತ್ತದೆ. ಬಾಸ್ಟನ್ನಿನ ವೃದ್ಧರೂ ನಾಲ್ಕು ವಾರ ಸಾಧನೆ ಬಿಟ್ಟಾಗ ಗಳಿಸಿದ ಬಲವನ್ನು ಕಳೆದುಕೊಳ್ಳತೊಡಗಿದರು. ಆದುದರಿಂದ ವೈದ್ಯರನ್ನು ಒಮ್ಮೆ ಕೇಳಿ, ಗಟ್ಟಿಯಾದ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಅವರು ಏಳುವಾಗ ಪಕ್ಕದಲ್ಲಿ ನಿಂತು ಎಣಿಸಿ. ಕೈ ಹಿಡಿದು ಎಬ್ಬಿಸುವುದಕ್ಕಿಂತ, ತಾವಾಗಿ ಏಳುವಂತೆ ಮಾಡುವುದು ಹೆಚ್ಚಿನ ಸೇವೆ.